ನಾನೂರಾ ಹದಿಮೂರು ಒತ್ತುಗಳ ದಿಗ್ವಿಜಯ

“ಹೆಂಡ್ತೀನ ಗಂಡ ಮಾಡಿ ಕುಂದ್ರಿಸ್ಯಾನಲ್ರೀ ಈ ಒತ್ತುಗೇಡಿ! ಏಳನೇತ್ತೆ ದಾಟದವನ ಕೈಯಾಗ ಕನ್ನಡ ಕೊಟ್ರ ಮತ್ತೇನಾಗ್ತೈತಿ?”

ಕೇಳಿರಿ, ಓದುಬಲ್ಲ ಮಹಾಜನರೇ! ಈ ಸಿಡಿಲು ಸಿಡಿದದ್ದು ಕುರುಕ್ಷೇತ್ರದಲ್ಲಲ್ಲ. ಗದಗ ಪಟ್ಟಣದ ಶ್ರೀ ತ್ರಿಕೂಟ ಮುದ್ರಣಾಲಯದಲ್ಲಿ, ಸೋಮವಾರ ಮುಂಜಾನೆ ಹನ್ನೊಂದರ ಹೊತ್ತಿಗೆ. ಸಿಡಿಸಿದವರು ಕಾಲೇಜಿನ ಕನ್ನಡ ಪ್ರೊಫೆಸರ್, ‘ಕನ್ನಡಿಯ ಬೆನ್ನು’ ಎಂಬ ಎಪ್ಪತ್ತೆರಡು ಪುಟಗಳ ಕವನಸಂಕಲನದ ಕರ್ತೃ, ಶ್ರೀಮಾನ್ ಅನ್ನದಾನಯ್ಯ ಪುರಾಣಿಕಮಠರು. ಸಿಡಿಲು ಬಡಿದದ್ದು ಆ ಮುದ್ರಣಾಲಯದ ಕಂಪ್ಯೂಟರಿನ ಮುಂದೆ ಕೂಡುತ್ತಿದ್ದ ಕಳಕಪ್ಪ ಗಾಣಿಗೇರನೆಂಬ ಇಪ್ಪತ್ತೆರಡು ವರ್ಷದ ವೀರನಿಗೆ. ಕಣ್ಣಾರೆ ಕಂಡವರೋ, ಮಾಲೀಕರಾದ ಮೂರ್ತೆಪ್ಪ ಸಾಹುಕಾರರು, ಮೂಲೆಯಲ್ಲಿ ಅಚ್ಚಾದ ಹಾಳೆಗಳ ಫಾರಂ ಮಡಚುತ್ತ ಕುಳಿತ ಗುರವ್ವ ಮತ್ತವಳ ಇಬ್ಬರು ಜೊತೆಗಾತಿಯರು, ಲಗ್ನಪತ್ರಿಕೆ ಮಾಡಿಸಲು ಬಂದು ಬಾಗಿಲಲ್ಲೇ ನಿಂತುಬಿಟ್ಟ ಲಕ್ಕುಂಡಿ ಕಡೆಯ ಒಂದು ಕುಟುಂಬ. ಅವಮಾನಕ್ಕೆ ಇಷ್ಟು ಸಾಕ್ಷಿ ಧಾರಾಳವಾಯಿತು.

ಈಗ ಯಾರಿಗೆ ವಂದಿಸಿ ಕಥೆ ಎತ್ತಲಿ? ಗಣಪನಿಗೆ ವಂದಿಸೋಣವೆಂದರೆ ಆತ ಬರೆದದ್ದು ಮುರಿದ ದಂತದಿಂದ. ಅವನಿಗೆ ಫಾಂಟಿನ ತಂಟೆ ತಿಳಿಯದು. ಶಾರದೆಗೆ ವಂದಿಸೋಣವೆಂದರೆ ಆಕೆ ಎಂ.ಎ. ಆದವರ ಮನೆಗೆ ಮಾತ್ರ ಹೋಗಿಬರುತ್ತಾಳೆಂದು ಅವರೇ ಹೇಳಿಕೊಂಡು ತಿರುಗುತ್ತಾರೆ. ಆದಕಾರಣ, ಎಲೈ ಒತ್ತಕ್ಷರವೇ, ನಿನಗೇ ನನ್ನ ನಮಸ್ಕಾರ! ಬಲಿಷ್ಠಾಕ್ಷರಪಾದಮೂಲನಿವಾಸಿಯೇ, ತಲೆಕಟ್ಟಿನ ಭಾಗ್ಯವಿಲ್ಲದ ತಳವಾಸಿಯೇ, ಮೇಲಿನವನು ಮೆರೆಯುತ್ತಿರಲು ಕೆಳಗೆ ಕುಳಿತು ಅರ್ಥದ ಭಾರವನ್ನೆಲ್ಲ ಹೊರುವವನೇ! ನೀನಿರುವಾಗ ನಿನ್ನ ಕಡೆ ಯಾರೂ ನೋಡುವುದಿಲ್ಲ, ಒಂದು ದಿನ ಇಲ್ಲವಾದೆಯೋ ಊರೇ ಎದ್ದು ನಿಲ್ಲುತ್ತದೆ. ನಿನ್ನಂಥವನ ಕಥೆಯನ್ನು ನಿನ್ನಂಥವನೇ ಹೇಳಬೇಕು.

ಸೀಸಯುಗವು ಕರಗಿ ಕಿರಣಯುಗವು ಕಣ್ತೆರೆಯುತ್ತಿದ್ದ ಸಂಧಿಕಾಲವದು, ಸಾವಿರದ ಒಂಬೈನೂರಾ ತೊಂಬತ್ತೊಂದನೆಯ ಇಸವಿ. ಶತಮಾನಗಳಿಂದ ಮೊಳೆಯಾಗಿ ಮೆರೆದಿದ್ದ ಅಕ್ಷರಗಳೆಲ್ಲ ಗೋಣಿಚೀಲ ಸೇರಿ, ತೂಕಕ್ಕೆ ಬಿದ್ದು, ಹಳೆಯ ಪಾತ್ರೆಗಳ ಸಂಗಡ ತಕ್ಕಡಿ ಹತ್ತುತ್ತಿದ್ದ ಆ ದಿನಗಳಲ್ಲಿ ಮೂರ್ತೆಪ್ಪ ಸಾಹುಕಾರರು ಒಂದು ಕಂಪ್ಯೂಟರನ್ನೂ, ಮುಂಬಯಿಯಿಂದ ಸೆಕೆಂಡ್ ಹ್ಯಾಂಡ್ ಲೇಸರ್ ಪ್ರಿಂಟರ್ ಒಂದನ್ನೂ ತರಿಸಿ, ಎರಡಕ್ಕೂ ಕುಂಕುಮವಿಟ್ಟು, ಕಸೂತಿಯ ಮುಸುಕು ಹೊದಿಸಿ, ಹೊರಗೆ ‘ಸಂಪೂರ್ಣ ಕಂಪ್ಯೂಟರೀಕೃತ’ ಎಂದು ಬೋರ್ಡು ಬರೆಸಿದ್ದರು. ಬೋರ್ಡನ್ನು ಬರೆದದ್ದು ಕುಂಚದಿಂದ; ಆ ಮಾತು ಇರಲಿ.

ಇನ್ನು ನಾಯಕನನ್ನು ವರ್ಣಿಸುವೆ. ಸೀಸಾಕ್ಷರಸಂಕುಲಚಯನಚತುರನೂ, ವಿಲೋಮಲಿಪಿವಾಚನವಿಶಾರದನೂ, ತರ್ಜನ್ಯಂಗುಷ್ಠಮಾತ್ರಾಯುಧನೂ ಆದ ಕಳಕಪ್ಪನು ಏಳನೆಯ ಇಯತ್ತೆಗೆ ಶಾಲೆಗೆ ಶರಣು ಹೊಡೆದು ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದವನು. ಎಂಟು ವರ್ಷ ಅಚ್ಚಿನ ಮೊಳೆಗಳನ್ನು ತಿರುವುಮುರುವಾಗಿ ಓದಿ ಓದಿ ಅವನು ಕನ್ನಡವನ್ನು ಕಲಿತದ್ದೇ ಹಿಂದಿನಿಂದ. ಕಣ್ಣು ಕಟ್ಟಿ ನಿಲ್ಲಿಸಿದರೂ ಮೊಳೆಯ ಪೆಟ್ಟಿಗೆಯ ಎಡಗಡೆ, ಮೂರನೆಯ ಸಾಲಿನ ಸಣ್ಣ ಖಾನೆಗೆ ಕೈಹಾಕಿ ನಕಾರದ ಒತ್ತನ್ನು ಎತ್ತಿಕೊಡುತ್ತಿದ್ದನು. ಅಂಥವನನ್ನು ಒತ್ತುಗೇಡಿ ಎಂದರು. ಕೇಳಿದ ಗುರವ್ವ ಕಿಸಕ್ಕೆಂದು ನಕ್ಕಳು. ಆ ನಗೆ ಅವನ ಎದೆಗೆ ನೆಟ್ಟಿತು.

ಪ್ರೊಫೆಸರರ ಕೈಯಲ್ಲಿದ್ದದ್ದು ಲೇಸರ್ ಪ್ರಿಂಟರಿನಿಂದ ಅದೇ ಹೊರಬಿದ್ದ ಅರ್ಪಣೆಯ ಪುಟ. ಪುಟದ ನಟ್ಟನಡುವೆ ಇರಬೇಕಾದದ್ದು ಎರಡೇ ಶಬ್ದ, ‘ನನ್ನ ಪತ್ನಿಗೆ’. ಇದ್ದದ್ದು, ‘ನನ ಪತಿಗೆ’.

“ನನ ಮಾನ ಹರಾಜಿಗಿಟ್ಟಾನ್ರೀ! ಮೂವತ್ತು ವರ್ಷ ಸಂಸಾರಾ ಮಾಡೀನಿ. ನನ ಹೆಂಡ್ತಿ ಮುಂದ ಈ ಪುಸ್ತಕಾ ಹೆಂಗ ಹಿಡೀಲಿ?” ಎಂದು ಪ್ರೊಫೆಸರರು ಹಲುಬಿದರು.

ನೋಡಿರಿ ಸೋಜಿಗ! ‘ನನ್ನ’ ಎಂಬುದು ಅವರ ಬಾಯಲ್ಲಿಯೂ ‘ನನ’ ಎಂದೇ ಬರುತ್ತಿತ್ತು. ಪ್ರೊಫೆಸರರ ನಾಲಿಗೆ ಒತ್ತು ನುಂಗಿದರೆ ನೆಲದ ಸೊಗಡು. ಕಳಕಪ್ಪನ ಕಾಗದ ನುಂಗಿದರೆ ಅಜ್ಞಾನ. ಇದು ಅವನಿಗೆ ಆಗಲೇ ಹೊಳೆಯಿತು, ಸಿಟ್ಟು ಇನ್ನೊಂದು ಮಜಲು ಏರಿತು. ಆದರೂ ತಡೆದುಕೊಂಡು ಮೇಜಿನ ಕೆಳಗಿನಿಂದ ಕರಡಿನ ಕಟ್ಟು ಎಳೆದನು.

“ಸರ, ಕರಡು ನೋಡ್ರಿ. ಇದು ಸಣ್ಣ ಪ್ರಿಂಟರಿನ್ಯಾಗ, ಚುಕ್ಕಿ ಚುಕ್ಕಿ ಹೊಡೀತೈತಲ್ರಿ, ಅದರಾಗ ತಗದದ್ದು. ಒತ್ತು ಐತಿ. ಬುಡಕ ನಿಮ್ಮ ಸಹೀನೂ ಐತಿ.”

ಪ್ರೊಫೆಸರರು ಕರಡು ನೋಡಿದರು. ಒತ್ತು ಇತ್ತು. ಸಹಿಯೂ ಇತ್ತು. ಸೋಲೊಪ್ಪುವುದು ಪಂಡಿತರಿಗೆ ಸಿಲೆಬಸ್ಸಿನಲ್ಲಿ ಇರುವುದಿಲ್ಲ.

“ಹಂಗಂದ್ರ ನಡುವ ನೀನ ಏನೋ ಕಿತಾಪತಿ ಮಾಡೀದಿ. ಯಂತ್ರಾ ಸುಳ್ಳ ಹೇಳೂದಿಲ್ಲೋ ತಮ್ಮಾ. ಅದಕ್ಕ ನಿನ್ಹಂಗ ಸಾಲಿ ಬಿಡೂ ಚಟಾ ಇಲ್ಲ.”

ಬಾಗಿಲಲ್ಲಿದ್ದ ಲಗ್ನದ ಕುಟುಂಬವೂ ನಕ್ಕಿತು. ತಮ್ಮ ಪತ್ರಿಕೆಯನ್ನು ಕೊಡುವುದೋ ಬೇಡವೋ ಎಂದು ಹಿರಿಯನೊಬ್ಬ ಕಾಗದವನ್ನು ಮಡಚಿ ಕಿಸೆಗೆ ಇಟ್ಟುಕೊಂಡ.

ಆಗ ಆ ವೀರನ ಭ್ರುಕುಟಿಯು ಬಿಗಿಯಿತು, ನಾಸಾಪುಟಗಳು ಅರಳಿದವು, ಕೀಲಿಮಣೆಯ ಮೇಲಿದ್ದ ಹತ್ತೂ ಬೆರಳು ಒಟ್ಟಿಗೆ ಒತ್ತಲ್ಪಟ್ಟು ಪರದೆಯ ಮೇಲೆ ಅರ್ಥವಿಲ್ಲದ ಒಂದು ಸಾಲು ಓಡಿತು. ‘ಎಲೈ ಪಂಡಿತಪ್ರಕಾಂಡನೇ, ಪರೋತ್ಕರ್ಷಾಸಹಿಷ್ಣುವೇ, ಕೇಳು! ಈ ಭಾನುವಾರದ ಭಾಸ್ಕರನು ಪಡುಗಡಲಿಗೆ ಇಳಿಯುವ ಮುನ್ನ ನಿನ್ನ ಗ್ರಂಥದ ಪ್ರತಿಯೊಂದು ಒತ್ತನ್ನೂ ಅದರದರ ಸಿಂಹಾಸನದಲ್ಲಿ ನಾನು ಪ್ರತಿಷ್ಠಾಪಿಸದಿದ್ದರೆ, ಹುಟ್ಟಿದ್ದು ಗಾಣಿಗೇರರ ಮನೆಯಲ್ಲೇ ಅಲ್ಲ!’ ಎಂದು ಅವನ ಎದೆ ಗರ್ಜಿಸಿತು. ಬಾಯಿಂದ ಬಂದದ್ದು ಇಷ್ಟು:

“ಐತವಾರಕ್ಕ ಒಂದೊತ್ತೂ ತಪ್ಪದ್ಹಂಗ ಕೊಡ್ತೀನ್ರಿ. ಕೊಟ್ರ, ಮಂದಿ ಮುಂದ ಅಂದದ್ದನ್ನ ಮಂದಿ ಮುಂದನ ವಾಪಸ್ ತಗೋಬೇಕು.”

“ತಗೋತೀನಿ, ವೇದಿಕಿ ಮ್ಯಾಲ ನಿಂತು ತಗೋತೀನಿ. ಕೊಡಲಿಲ್ಲಂದ್ರ? ಮೂರ್ತೆಪ್ಪಾ, ಆ ಕುರ್ಚಿ ಮ್ಯಾಲ ಡಿಗ್ರಿ ಆದ ಹುಡುಗನ್ನ ಕುಂದ್ರಿಸ್ತಿ. ಆತಿಲ್ಲ?”

ಮೂರ್ತೆಪ್ಪನವರು ಪ್ರೊಫೆಸರರನ್ನು ನೋಡಿದರು, ಕಳಕಪ್ಪನನ್ನು ನೋಡಿದರು, ಕಡೆಗೆ ಮುಸುಕು ಹೊದ್ದ ಪ್ರಿಂಟರನ್ನು ನೋಡಿ “ಆತ್ರಿ” ಎಂದರು. ಹೀಗೆ ಒಂದು ಮಾತು ಮತ್ತು ಒಂದು ಕುರ್ಚಿಯನ್ನು ಪಣಕ್ಕಿಟ್ಟು ಯುದ್ಧ ಸಾರಲಾಯಿತು. ಪುಸ್ತಕ ಬಿಡುಗಡೆ ಭಾನುವಾರ. ಪುಟಗಳು, ಅವುಗಳಿಂದಲೇ ಪ್ರತಿಗಳನ್ನು ಅಚ್ಚುಹಾಕುವ ಆಫ್‌ಸೆಟ್ಟಿನವನ ಕೈಸೇರಲು ಗುರುವಾರ ಸಂಜೆ ಕಡೆಯ ಗಡುವು. ಪಾಂಡವರಿಗೆ ಹದಿನೆಂಟು ದಿನ ಸಿಕ್ಕಿತ್ತು. ಇವನಿಗೆ ಸಿಕ್ಕದ್ದು ನಾಲ್ಕು.

ಅಂದು ಮಧ್ಯಾಹ್ನ ಕಳಕಪ್ಪನು ಎಪ್ಪತ್ತೆರಡೂ ಪುಟಗಳನ್ನು ನೆಲದ ಮೇಲೆ ಹರಡಿ ರಣಭೂಮಿಯನ್ನು ವೀಕ್ಷಿಸಿದನು. ಬೇರೆ ಒತ್ತುಗಳೆಲ್ಲ ಸುಖವಾಗಿದ್ದವು. ಹತರಾದವರು ನಕಾರದ ಒತ್ತುಗಳು ಮಾತ್ರ, ಅದೂ ಕುಲಸಮೇತ. ‘ಅಗ್ನಿ’ ಇದ್ದಲ್ಲಿ ‘ಅಗಿ’ ಇತ್ತು. ‘ಸ್ನೇಹ’ವು ‘ಸೇಹ’ವಾಗಿತ್ತು. ‘ಧ್ಯಾನಮಗ್ನನಾದ ಕವಿ’ಯು ‘ಧ್ಯಾನಮಗನಾದ ಕವಿ’ಯಾಗಿ ಯಾರದೋ ಮಗನಾಗಿದ್ದನು. ಮುಖಪುಟದಲ್ಲಿ ‘ಕನಡಿಯ ಬೆನು’. ಕವಿಯ ನಾಮಧೇಯವೇ ‘ಅನದಾನಯ್ಯ’. ಇಷ್ಟೆಲ್ಲ ಆಗಿಯೂ ಮೂರ್ತೆಪ್ಪನವರಿಗೆ ಗೊತ್ತಾಗದೆ ಹೋದದ್ದಕ್ಕೆ ಕಾರಣವಿತ್ತು: ‘ಬೆಟ್ಟವನ್ನು, ಹೊಳೆಯನ್ನು’ ಎಂದಿದ್ದುದೆಲ್ಲ ‘ಬೆಟ್ಟವನು, ಹೊಳೆಯನು’ ಎಂದಾಗಿ ಪದ್ಯಗಳಿಗೆ ಒಂದು ಹಳಗಾಲದ ಗತ್ತು ಬಂದುಬಿಟ್ಟಿತ್ತು. “ಸಾಹೇಬ್ರು ಈ ಸಲ ಭಾಳ ಚಲೋ ಬರದಾರ” ಎಂದು ಅವರು ತಲೆದೂಗಿದ್ದರು.

ಮರುದಿನ ಮಂಗಳವಾರ. ಹುಬ್ಬಳ್ಳಿಯಿಂದ ಇಬ್ಬರು ಮಹಾರಥಿಗಳು ಬಂದಿಳಿದರು.

ಮೊದಲನೆಯವನು ಜಯತೀರ್ಥ ಗಲಗಲಿ. ಕನ್ನಡ ಅಕ್ಷರ ಜೋಡಿಸುವ ಸಾಫ್ಟ್‌ವೇರನ್ನು ಮಾರಿದ ಕಂಪನಿಯ ಇಂಜಿನಿಯರು; ಫ್ಲಾಪಿಮಂಜೂಷಾಧರ, ಇಸ್ತ್ರೀಭಂಗಭೀರು, ಕನ್ನಡಕವನ್ನು ಒರೆಸದೆ ಒಂದು ವಾಕ್ಯವನ್ನೂ ಆರಂಭಿಸದವನು. ಎರಡನೆಯವನು ರಾಜಾಸಾಬ ನದಾಫ. ಪ್ರಿಂಟರುಗಳ ಮೆಕ್ಯಾನಿಕ್ಕು, ಸ್ಕ್ರೂಡ್ರೈವರ್‌ಖಡ್ಗಪಾಣಿ, ಟೋನರ್‌ಧೂಳಿಧೂಸರಿತಕೂರ್ಚ. ಬಾಯಲ್ಲಿ ಸದಾ ಒಂದು ಸ್ಕ್ರೂ ಕಚ್ಚಿಕೊಂಡೇ ಮಾತಾಡುವವನು. ಒಬ್ಬನು ಪರದೆಯ ಮುಂದೆ, ಇನ್ನೊಬ್ಬನು ಪ್ರಿಂಟರಿನ ಮುಂದೆ ಪದ್ಮಾಸನ ಹಾಕಿದರು. ನಡುವೆ ದಪ್ಪನೆಯ ಕೇಬಲ್ಲು ಸೇತುಬಂಧದಂತೆ ಬಿದ್ದಿತ್ತು.

ಜಯತೀರ್ಥನು ಕನ್ನಡಕ ಒರೆಸಿ, ಶಂಖ ಊದಿದಂತೆ ಮೂಗು ಸೀನಿ, ನುಡಿದನು: “ನೋಡ್ರೀ ಸಾವ್ಕಾರ್ರ. ನಮ್ಮ ಫಾಂಟ್ ಅಂದ್ರ ಒಂದು ಊರು ಅಂತ ತಿಳೀರಿ. ಎರಡುನೂರಾ ಐವತ್ತಾರು ಮನಿ ಅವ. ಒಂದೊಂದ ಮನ್ಯಾಗ ಒಂದೊಂದ ಅಕ್ಷರ. ನಕಾರದ ಒತ್ತು ಇರೂದು ನೂರಾ ಅರವತ್ತನೇ ಮನ್ಯಾಗ. ಪರದೆ ಮ್ಯಾಲ ಕರದೆ ಅಂದ್ರ, ‘ಓ’ ಅಂತ ಬರ್ತಾನ. ಇಕಾ, ಬಂದಾ ನೋಡ್ರಿ. ಸಾಫ್ಟ್‌ವೇರ್‌ದಾಗ ಎಳ್ಳಷ್ಟೂ ದೋಷ ಇಲ್ಲ. ನಿಮ್ಮ ಪ್ರಿಂಟರಿಗೆ ಕಿವೀನ ಇಲ್ಲ.”

ಇದನ್ನು ಕೇಳಿ ರಾಜಾಸಾಬನು ಬಾಯಿಂದ ಸ್ಕ್ರೂ ತೆಗೆದು ಕಿವಿಗೆ ಸಿಕ್ಕಿಸಿಕೊಂಡನು. ಅವನು ಸ್ಕ್ರೂ ತೆಗೆದನೆಂದರೆ ವಿಷಯ ವಿಕೋಪಕ್ಕೆ ಹೋಯಿತೆಂದೇ ಅರ್ಥ.

“ಕಿವಿ ಐತ್ರಿ ಜಯತೀರ್ಥಪ್ಪಾರ, ಆನೀ ಕಿವಿ ಐತಿ. ಆದ್ರ ಈ ಪ್ರಿಂಟರ್ ಹುಟ್ಟಿದ ದೇಶದಾಗ ನೂರಾ ಅರವತ್ತನೇದು ಖಾಲಿ ಜಾಗಾ. ಅಲ್ಲಿ ಯಾರೂ ಇರೂದಿಲ್ಲ ಅಂತ ಅದಕ್ಕ ಕಲಿಸ್ಯಾರ. ಖಾಲಿ ಜಾಗಾದಾಗ ಬಾಡಿಗಿದಾರನ್ನ ತಂದಿಟ್ಟಾವ್ರು ನೀವು. ಪಾಪ, ಅದೇನ ಮಾಡಬೇಕು? ಬಾಗಲಾ ಬಡದು ಬಡದು ಮುಂದ ಹೋಗ್ತೈತಿ.”

“ಊರಾಗ ಮನೀ ಎಲ್ಲಾ ತುಂಬಿದ್ವು. ಕನ್ನಡಕ್ಕ ಒತ್ತು ಎಷ್ಟವ, ಗೊತ್ತದ ಏನು ನಿಮಗ?”

“ನಮಗ್ಯಾಕ್ರಿ ಗೊತ್ತಿರಬೇಕು? ಊರ ಕಟ್ಟಿದವ್ರು ನೀವು.”

ಹೀಗೆ ಇಬ್ಬರೂ ವಾಗ್ಬಾಣಗಳನ್ನು ಎಸೆಯುತ್ತಿರಲು, ನಡುವೆ ನಿಂತಿದ್ದ ಕಳಕಪ್ಪನು ಪ್ರಾಂಜಲವಾಗಿ ಒಂದು ಪ್ರಶ್ನೆ ಎತ್ತಿದನು. “ಹಂಗಾರ ಅಂವನ್ನ ಬ್ಯಾರೆ ಮನಿಗೆ ಕಳಸ್ರಲ್ಲ?”

ಇಬ್ಬರು ಪರಿಣತರೂ ಅವನನ್ನು, ಸ್ಟೂಲು ಮಾತಾಡಿತೇನೋ ಎಂಬಂತೆ ನೋಡಿದರು. ಆಮೇಲೆ ಜಯತೀರ್ಥನು ತಿಳಿಹೇಳಿದನು: ಫಾಂಟಿನ ಫೈಲು ಬೀಗಮುದ್ರೆ ಹಾಕಿದ್ದು, ಅದನ್ನು ಬಿಚ್ಚುವವನು ಬೆಂಗಳೂರಿನಲ್ಲಿ ಒಬ್ಬನೇ, ಅವನ ಲಗ್ನ ಇದೇ ವಾರ, ಹೊಸ ಫ್ಲಾಪಿ ಬರಲು ಹದಿನೈದು ದಿನ. ರಾಜಾಸಾಬನೂ ತಿಳಿಹೇಳಿದನು: ಪ್ರಿಂಟರಿಗೆ ಹೊಸ ಪಾಠ ಕಲಿಸಲು ಒಂದು ಕಾರ್ಟ್ರಿಜ್ ಬೇಕು, ಅದು ಮದರಾಸಿನಿಂದ ಬರಬೇಕು, ಒಂದು ತಿಂಗಳು, ಬಂದರೆ.

ಆದರೂ ವೀರರು ಬರಿಗೈಯಲ್ಲಿ ಹಿಂದಿರುಗುವರೇ? ಜಯತೀರ್ಥನು ಒಂದು ಗುಪ್ತ ಆಜ್ಞೆಯನ್ನು ಟೈಪು ಮಾಡಿದನು. ರಾಜಾಸಾಬನು ಪ್ರಿಂಟರಿನ ಗುಂಡಿಗಳನ್ನು ಮೃದಂಗದಂತೆ ನುಡಿಸಿದನು. ಪ್ರಿಂಟರು ದೀರ್ಘವಾಗಿ ನಿಟ್ಟುಸಿರಿಟ್ಟಿತು; ಹಸಿರು ದೀಪ ಹಳದಿಯಾಯಿತು, ಹಳದಿ ಮಿನುಗಿತು, ಕೊನೆಗೆ ಒಂದು ಬಿಸಿಬಿಸಿ ಪುಟ ಹೊರಗೆ ನಾಲಗೆ ಚಾಚಿತು. ಮೂರ್ತೆಪ್ಪನವರು ಕೈಮುಗಿದು ಎತ್ತಿಕೊಂಡರು. ಶಿವಶಿವಾ! ಇದ್ದ ಒತ್ತುಗಳೂ ಮಾಯವಾಗಿ, ಅವುಗಳ ಸ್ಥಾನದಲ್ಲಿ ತಲೆಯ ಮೇಲೆ ಎರಡೆರಡು ಚುಕ್ಕಿ ಇಟ್ಟುಕೊಂಡ, ಟೋಪಿ ಧರಿಸಿದ, ಬಾಲ ಬಿಟ್ಟ ಪರದೇಶದ ಅಕ್ಷರಗಳು ‘ಕನ್ನಡಿಯ ಬೆನ್ನಿ’ನ ತುಂಬ ಬೀಡುಬಿಟ್ಟಿದ್ದವು. “ಇವರ್ಯಾರ್ರಿ?” ಎಂದರು ಸಾಹುಕಾರರು, ಕರೆಯದೆ ಬಂದ ಬೀಗರನ್ನು ಕಂಡಂತೆ.

“ಆ ಮನಿಗಳ ಮೂಲ ಒಕ್ಕಲು” ಎಂದನು ರಾಜಾಸಾಬ, ಸ್ವಲ್ಪ ಹೆಮ್ಮೆಯಿಂದಲೇ.

ಎಲ್ಲವನ್ನೂ ಮೊದಲಿನಂತೆ ಮಾಡುವುದರಲ್ಲಿ ನಾಲ್ಕು ಗಂಟೆಯಾಯಿತು. ಮಿರ್ಚಿ ಭಜಿ ತರಿಸಿದರು. ಭಜಿ ತಿನ್ನುತ್ತ ತಿನ್ನುತ್ತ ಇಬ್ಬರು ಮಹಾರಥಿಗಳೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದರು: ಸಾಫ್ಟ್‌ವೇರೂ ಸರಿ ಇದೆ, ಪ್ರಿಂಟರೂ ಸರಿ ಇದೆ; ಕೂಡಿಸಿದವರು ಯಾರು? ಕೂಡಿಸಿದವನು ಕಳಕಪ್ಪ. ಆದ್ದರಿಂದ, ಎಂದು ಹೇಳಿ ವಾಕ್ಯವನ್ನು ಅಲ್ಲಿಗೇ ಬಿಟ್ಟು, ಒಂದೇ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕುಳಿತು ಹುಬ್ಬಳ್ಳಿಗೆ ಹೋದರು.

ಅವರು ಹೋದ ಮೇಲೆ ಕಳಕಪ್ಪನು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಮೊಳೆಯ ಪೆಟ್ಟಿಗೆಯ ಬಳಿಗೆ ನಡೆದನು. ಎಡಗಡೆ, ಮೂರನೆಯ ಸಾಲು, ಸಣ್ಣ ಖಾನೆ. ಬೆರಳು ಹಾಕಿದನು. ತಳದಲ್ಲಿ ಒಂದೇ ಒಂದು ನಕಾರದ ಒತ್ತು ಉಳಿದಿತ್ತು, ತೂಕಕ್ಕೆ ಹಾಕುವಾಗ ಬಿಟ್ಟುಹೋದದ್ದು. ಅಂಗೈಯಲ್ಲಿ ಇಟ್ಟುಕೊಂಡು ನೋಡಿದನು. ಇದಕ್ಕೆ ಮನೆಯೂ ಇರಲಿಲ್ಲ, ನಂಬರೂ ಇರಲಿಲ್ಲ; ಬೆರಳಿತ್ತು, ಬಂತು. ಅಷ್ಟೇ ಸಾಕಾಗಿತ್ತು ಒಂದು ಕಾಲಕ್ಕೆ.

ಬುಧವಾರ ಮುಂಜಾನೆ ಅವನು ಪೇಟೆಗೆ ಹೋಗಿ ಕೂದಲೆಳೆಯ ಮೊನೆಯ ಡ್ರಾಯಿಂಗ್ ಪೆನ್ನು, ಕರಿ ಮಸಿಯ ಬಾಟಲಿ, ಒಂದು ಭೂತಗನ್ನಡಿ ತಂದನು. ಎಪ್ಪತ್ತೆರಡು ಲೇಸರ್ ಪುಟಗಳನ್ನು ಬಲಕ್ಕೆ, ಪ್ರೊಫೆಸರರ ಸಹಿಯ ಕರಡನ್ನು ಎಡಕ್ಕೆ ಇಟ್ಟುಕೊಂಡನು. ಕರಡಿನಲ್ಲಿ ನಕಾರದ ಒತ್ತು ಇದ್ದಲ್ಲೆಲ್ಲ ಕೆಂಪು ಸೊನ್ನೆ ಸುತ್ತಿದನು. ಎಣಿಸಿದನು. ನಾನೂರಾ ಹದಿಮೂರು.

ಮೂರ್ತೆಪ್ಪನವರು ಅವನ ಹೆಗಲ ಮೇಲಿಂದ ಬಗ್ಗಿದರು.

“ಕಳಕಾ, ಏನ್ ಮಾಡಾಕತ್ತೀಲೆ? ಕೈಲೆ ಬರೀತಿ? ಲೇಸರಿಗೆ ಕೈಲೆ?”

“ಹೂನ್ರಿ.”

“ಹೊರಗ ಯಾರಿಗೂ ಹೇಳಬ್ಯಾಡಪಾ. ಬೋರ್ಡ್ ಬರಿಸೀನಿ ನಾ.”

ಓ ಕವಿಗಳಿರಾ, ಈಗ ಆ ಘೋರ ಸಂಗ್ರಾಮವನ್ನು ಹೇಗೆ ಬಣ್ಣಿಸಲಿ! ಸೊಳ್ಳೆಯ ಕಾಲಿನಷ್ಟು ಗಾತ್ರದ ಶತ್ರು. ಉಸಿರು ಬಿಟ್ಟರೆ ಅಲುಗುವ ಆಯುಧ. ಒಂದು ಹನಿ ಹೆಚ್ಚಾದರೆ ಪುಟವೇ ಹತ. ಫ್ಯಾನು ಹಾಕಿದರೆ ಕಾಗದ ಹಾರುವುದು, ಹಾಕದಿದ್ದರೆ ಬೆವರ ಹನಿ ಬೀಳುವುದು. ಕಳಕಪ್ಪನು ಟವೆಲನ್ನು ಹಣೆಗೆ ಕಟ್ಟಿ, ಫ್ಯಾನು ಬಂದ್ ಮಾಡಿಸಿ, ಎಡಗಣ್ಣು ಮುಚ್ಚಿ, ಭೂತಗನ್ನಡಿಯ ಆಳದಲ್ಲಿ ತಿಮಿಂಗಿಲದಷ್ಟಾಗಿ ಕಂಡ ನಕಾರದ ಬುಡಕ್ಕೆ ಮೊದಲ ಕೊಂಡಿಯನ್ನು ಎಳೆದನು. ಎಳೆದು, ಪುಟವನ್ನು ಕೈಯಳತೆ ದೂರ ಹಿಡಿದು ನೋಡಿದನು. ‘ನನ್ನ’. ಲೇಸರಿನ ಕಿರಣವೂ ನಾಚಬೇಕು. ಮರುಕ್ಷಣ, ‘ಪತ್ನಿಗೆ’. ಎರಡೇ ಬಾಗಿನಲ್ಲಿ ಪ್ರೊಫೆಸರರ ಗಂಡನು ಮರಳಿ ಹೆಂಡತಿಯಾದಳು.

ಅಲ್ಲಿಂದ ಮುಂದಕ್ಕೆ ಅವನನ್ನು ಹಿಡಿಯುವವರಾರು! ‘ಅಗಿ’ಗೆ ಒಂದು ಏಟು, ಅಗ್ನಿ ಭುಗಿಲೆಂದಿತು. ‘ಸೇಹ’ಕ್ಕೆ ಒಂದು, ಸ್ನೇಹ ಬೆಳೆಯಿತು. ಯಾರದೋ ಮಗನಾಗಿದ್ದ ಕವಿಯನ್ನು ಮರಳಿ ಧ್ಯಾನಕ್ಕೆ ಕೂರಿಸಿದನು. ಒಂದೊಂದು ಒತ್ತಿಗೂ ‘ಒತ್ತುಗೇಡಿ’ ಎಂಬ ಮಾತನ್ನು ನೆನೆದನು. ಒಂದೊಂದಕ್ಕೂ ಗುರವ್ವನ ಕಿಸಕ್ಕನ್ನು ನೆನೆದನು.

ಆ ಗುರವ್ವನೇ ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚಿ ಎದುರಿಗೆ ಬಂದು ನಿಂತಳು. “ಎರಡು ರೊಟ್ಟಿ ತಿಂದು ಬರಕೋಳೋ ನನ್ನಪ್ಪಾ. ಒತ್ತೇನು ಓಡಿಹೊಕ್ಕಾವ?”

“ಆವತ್ತ ನಕ್ಕೀದಿ.”

“ನಗಲಾರದ ಏನ್ಮಾಡ್ಲಿ? ಆ ಅಯ್ಯನೋರು ‘ಹೆಂಡ್ತೀನ ಗಂಡ ಮಾಡ್ಯಾನ’ ಅಂತ ಕೂಗಿದ್ರು, ನಗಿ ಬಂತು. ನಿನಗ ನಕ್ಕೆ ಅಂತ ತಿಳಕೊಂಡಿ?”

ಕಳಕಪ್ಪನು ತಲೆ ಎತ್ತಲಿಲ್ಲ. ಆದರೆ ರೊಟ್ಟಿ ತಿಂದನು. ಸಿಟ್ಟಿನಲ್ಲಿ ಒಂದು ಪಾಲು ಅಲ್ಲಿಗೆ ಇಳಿಯಿತು. ಉಳಿದದ್ದು ಪೂರ್ತಿ ಪ್ರೊಫೆಸರರ ಹೆಸರಿಗೆ ಹೋಯಿತು.

ಗುರುವಾರ ಬಂತು. ಗಡುವು ಹತ್ತಿರವಾದಂತೆ ಕೈಗೆ ಆವೇಶ ಬಂತು. ಈಗ ಅವನು ಎಡಗಡೆಯ ಕರಡನ್ನೂ ಕೆಂಪು ಸೊನ್ನೆಯನ್ನೂ ನೋಡುತ್ತಿರಲಿಲ್ಲ. ಕಣ್ಣಿಗಿಂತ ಮುಂದೆ ಕೈ ಓಡುತ್ತಿತ್ತು. ‘ನಿನ’ ಕಂಡಿತೋ, ತಿವಿದ. ‘ಇನು’ ಕಂಡಿತೋ, ತಿವಿದ. ‘ಪತಿ’ ಕಂಡಿತೋ, ತಿವಿದ. ಪುಟ ಅರವತ್ತು, ಅರವತ್ತೆಂಟು, ಎಪ್ಪತ್ತೆರಡು. ಸಂಜೆ ಐದಕ್ಕೆ ಪೆನ್ನು ಕೆಳಗಿಟ್ಟು, ಪುಟಪುಟವನ್ನೂ ತಿರುವಿ ತನ್ನ ಒತ್ತುಗಳನ್ನು ಎಣಿಸಿದನು. ನಾನೂರಾ ಹದಿನಾಲ್ಕು. ಮೊದಲ ಎಣಿಕೆಯಲ್ಲಿ ಒಂದು ಬಿಟ್ಟುಹೋಗಿರಬೇಕು ಎಂದುಕೊಂಡನು. ಆಫ್‌ಸೆಟ್ಟಿನವನು ಸೈಕಲ್ಲಿನ ಗಂಟೆ ಬಾರಿಸಿ ಕರೆಯುತ್ತಿದ್ದನು. ಜಯಶಾಲಿಯು ಮತ್ತೊಮ್ಮೆ ಎಣಿಸುವುದುಂಟೇ? ಪುಟಗಳನ್ನು ಕಟ್ಟಿ ಕೊಟ್ಟನು.

ಭಾನುವಾರ ಸಂಜೆ ನಾಲ್ಕಕ್ಕೆ ಸಭಾಭವನ ತುಂಬಿತ್ತು. ಕಳಕಪ್ಪನು ಮಡಿಕೆ ಮುರಿಯದ ಬಿಳಿ ಅಂಗಿ ತೊಟ್ಟು ಕಡೆಯ ಸಾಲಿನಲ್ಲಿ ಕುಳಿತಿದ್ದನು. ಎದೆಯೊಳಗೆ ಭಾಷಣವೊಂದು ಸಿದ್ಧವಾಗಿತ್ತು, ಎರಡು ದಿನ ಪೆನ್ನಿನ ಸಂಗಡ ತಿದ್ದಿದ್ದು: ‘ಮಹಾಜನಗಳೇ, ಒತ್ತು ಸಾಲಿಯೊಳಗ ಹುಟ್ಟೂದಿಲ್ಲ. ಮ್ಯಾಲ ಕುಂತವರಿಗೆ ಕೆಳಗಿನವರು ಕಾಣೂದಿಲ್ಲ. ಯಂತ್ರಕ್ಕೂ ಕಾಣಲಿಲ್ಲ, ಪ್ರೊಫೆಸರರಿಗೂ ಕಾಣಲಿಲ್ಲ. ಒತ್ತುಗೇಡಿ ಯಾರು, ನೀವ ಹೇಳ್ರಿ!’ ಕಡೆಯ ವಾಕ್ಯಕ್ಕೆ ಚಪ್ಪಾಳೆ ಖಂಡಿತ ಎಂದು ಅವನ ಅಂದಾಜು.

ಮೂರ್ತೆಪ್ಪನವರ ಹೊಟ್ಟೆಯಲ್ಲಿ ಗುಟ್ಟು ಎಷ್ಟು ದಿನ ನಿಂತೀತು? ಅವರು ಶನಿವಾರವೇ ಪ್ರೊಫೆಸರರ ಮನೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟಿದ್ದರು. ಪ್ರೊಫೆಸರ್ ಅನ್ನದಾನಯ್ಯನವರು ಮೈಕಿನ ಮುಂದೆ ನಿಂತು ಕೆಮ್ಮಿದರು. ಅವರ ದನಿ ಎಂದಿನಂತಿರಲಿಲ್ಲ.

“ಸೋಮವಾರ ನಾ ಒಬ್ಬ ಹುಡುಗಗ ಒತ್ತುಗೇಡಿ ಅಂದೆ. ಹತ್ತು ಮಂದಿ ಮುಂದ ಅಂದೆ. ನೂರು ಮಂದಿ ಮುಂದ ವಾಪಸ್ ತಗೋತೀನಿ. ತಪ್ಪು ಅವಂದಲ್ಲ. ಯಂತ್ರಾ ನುಂಗಿದ್ದ ನಾನೂರಾ ಹದಿಮೂರು ಒತ್ತು ಈ ಹುಡುಗ ಕೈಲೆ ಬರದಾನ. ಕಳಕಪ್ಪಾ, ಬಾರೋ ಮ್ಯಾಲ!”

ಅಹಾ, ದೇವದುಂದುಭಿ ಮೊಳಗಿತು! ಎಂದರೆ ಚಪ್ಪಾಳೆಯಾಯಿತು. ವೀರನು ಗಂಭೀರಪದನ್ಯಾಸದಿಂದ ಮೆಟ್ಟಿಲು ಹತ್ತಿದನು. ಪ್ರೊಫೆಸರರು ಅವನ ಹೆಗಲ ಮೇಲೆ ಕೈಯಿಟ್ಟು ಪುಸ್ತಕವನ್ನು ಎತ್ತಿ ಹಿಡಿದರು.

“ಯಾವದು ಯಂತ್ರದ್ದು, ಯಾವದು ಕೈಯಿಂದು, ಗುರ್ತ ಹಿಡದವರಿಗೆ ನನ ಮೀಸಿ ಬೋಳಿಸಿ ಕೊಡ್ತೀನಿ. ಯಾವ ಪುಟಾ ಬೇಕಾದ್ರೂ ತಗೀರಿ. ಇಕಾ, ನಾನ ತಗೀತೀನಿ ಕಣ್ಣ ಮುಚ್ಚಿ. ಅರವತ್ತೊಂದು! ನೋಡಪಾ, ನೀನ ಮೊದಲ ನೋಡು.”

ಕಳಕಪ್ಪನು ನೋಡಿದನು. ಅದು ಗಂಡನ ದಾರಿ ಕಾಯುವ ಹೆಣ್ಣೊಬ್ಬಳ ಹಾಡು. ಮೊದಲ ಸಾಲು ಅಚ್ಚುಕಟ್ಟಾಗಿ, ಮಸಿ ಹರಡದೆ, ಯಂತ್ರವೂ ನಾಚುವಷ್ಟು ಚೆಂದವಾಗಿ ಮುದ್ರಣಗೊಂಡಿತ್ತು:

‘ಬಾರೋ ನನ್ನ ಪತ್ನಿ, ಹೊಸಿಲಲ್ಲಿ ದೀಪ ಕಾದಿದೆ.’

ಅಲ್ಲಿ ಇರಬೇಕಾದದ್ದು ಪತಿಯೇ. ಕರಡಿನಲ್ಲಿ ಆ ಶಬ್ದಕ್ಕೆ ಕೆಂಪು ಸೊನ್ನೆ ಇರಲಿಲ್ಲ. ನಾನೂರಾ ಹದಿನಾಲ್ಕನೆಯದು ಎಲ್ಲಿಂದ ಬಂತೆಂದು ವೀರನಿಗೆ ಈಗ ತಿಳಿಯಿತು. ಒಬ್ಬ ಗಂಡನನ್ನು ಹೆಂಡತಿ ಮಾಡಿ ಉಳಿಸಿದ ಕೈ, ಇನ್ನೊಬ್ಬ ಗಂಡನನ್ನು ಹೆಂಡತಿ ಮಾಡಿ ಕೆಡಿಸಿತ್ತು. ಯಂತ್ರದ ಪಾಲೇನೂ ಇದರಲ್ಲಿರಲಿಲ್ಲ. ಇದು ಅಪ್ಪಟ ಸ್ವಹಸ್ತದ್ದು.

ಪ್ರೊಫೆಸರರು ಪುಸ್ತಕವನ್ನು ಮರಳಿ ತೆಗೆದುಕೊಂಡು, ಕಣ್ಣು ಅರ್ಧ ಮುಚ್ಚಿ, ಬಾಯಿಪಾಠದಿಂದಲೇ ರಾಗವಾಗಿ ಓದಿದರು: “ಬಾರೋ ನನ ಪತಿ, ಹೊಸಿಲಲ್ಲಿ ದೀಪ ಕಾದಿದೆ.” ಓದಿ, ಪುಟವನ್ನು ಸಭೆಗೆ ತೋರಿಸಿದರು. “ನೋಡ್ರಿ! ಒಂದ ಒತ್ತೂ ಆಚೀಚಿ ಇಲ್ಲ!”

ಮತ್ತೆ ಚಪ್ಪಾಳೆ. ಮೊದಲ ಸಾಲಿನಲ್ಲಿ ಅವರ ಧರ್ಮಪತ್ನಿ ನೀಲಮ್ಮನವರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ತಮ್ಮ ಪ್ರತಿಯ ಅದೇ ಪುಟದ ಮೇಲೆ ಬೆರಳಿಟ್ಟು, ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಅವರ ಭುಜಗಳು ಕುಲುಕುತ್ತಿದ್ದವು. ಒಮ್ಮೆ ತಲೆಯೆತ್ತಿ ಕಳಕಪ್ಪನನ್ನು ನೋಡಿದರು, ಮತ್ತೆ ಸೆರಗಿಗೆ ಮುಖ ಹುದುಗಿಸಿದರು.

“ಈಗ ಹೇಳಪಾ,” ಎಂದು ಪ್ರೊಫೆಸರರು ಮೈಕನ್ನು ಅವನ ಬಾಯಿಯ ಎತ್ತರಕ್ಕೆ ಬಗ್ಗಿಸಿದರು. “ಮಂದಿ ಮುಂದ ಕೇಳ್ತೀನಿ. ನಾ ಅಂದದ್ದು ಖರೇನೋ ಸುಳ್ಳೋ? ಎಲ್ಲಾ ಒತ್ತು ಬರೋಬ್ಬರಿ ಅದಾವಿಲ್ಲ?”

ಸಭೆ ಕಾದಿತ್ತು. ಮೂರ್ತೆಪ್ಪನವರು ಹೂಂ ಅನ್ನು ಎಂದು ಸನ್ನೆ ಮಾಡಿದರು. ಮೈಕು ಕುಂಯ್ ಎಂದಿತು. ನಾಯಕನು ಬಲಗೈಯ ಹೆಬ್ಬೆರಳಿಗೆ ಅಂಟಿ ಒಣಗಿದ್ದ ಮಸಿಯನ್ನು ಒಮ್ಮೆ ನೋಡಿಕೊಂಡನು. ಆಮೇಲೆ ಮೆಟ್ಟಿಲಿಳಿದು, ನಡುವಿನ ದಾರಿಯಲ್ಲಿ ಯಾರ ಮುಖವನ್ನೂ ನೋಡದೆ ಬಾಗಿಲ ತನಕ ಹೋಗಿ, ನೂರು ಜೋಡಿಗಳ ನಡುವೆ ತನ್ನ ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಸ್ಟೇಶನ್ ರಸ್ತೆಯ ಕಡೆಗೆ ನಡೆದನು.